ಎಣ್ಣೆಬಾವಿಯ ಬೆಂಕಿ

1859ನೆಯ ಇಸವಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಟೈಟಸ್‌ವಿಲ್ ಎಂಬ ಊರಿನ ಬಳಿ ಎಡ್ವಿನ್ ಡ್ರೇಕ್ ಎಂಬಾತನು ಕೊರೆಯಿಸಿದ ಬಾವಿಯಲ್ಲಿ, ಎಪ್ಪತ್ತು ಅಡಿಗಳೂ ತುಂಬದ ಆಳದಲ್ಲಿ, ಕಲ್ಲೆಣ್ಣೆ ಕಾಣಿಸಿಕೊಂಡಿತು. ಆ ಕಾಲದಲ್ಲಿ ಅದರ ಮುಖ್ಯ ಉಪಯೋಗ ದೀಪ ಉರಿಸುವುದಾಗಿತ್ತು. ಅಂದಿನಿಂದ ಕಳೆದ ಒಂದೂವರೆ ಶತಮಾನಕ್ಕೂ ಮಿಕ್ಕ ಕಾಲದಲ್ಲಿ ಈ ಎಣ್ಣೆ ಮಾನವ ಜೀವನದ ಮೂಲೆ ಮೂಲೆಗಳನ್ನೂ ಹೊಕ್ಕಿದೆ. ಊರಿಂದೂರಿಗೆ ಓಡುವ ಬಸ್ಸು, ಆಕಾಶದಲ್ಲಿ ಹಾರುವ ವಿಮಾನ, ಅಡಿಗೆಮನೆಯ ಗ್ಯಾಸಿನ ಒಲೆ, ಹೊಲಕ್ಕೆ ಎರಚುವ ಯೂರಿಯಾ, ಅಂಗಡಿಯಿಂದ ತರುವ ಪ್ಲಾಸ್ಟಿಕ್ ಕೊಡ, ಇವೆಲ್ಲವುಗಳ ಹಿಂದೆ ಎಣ್ಣೆಯೋ ಅದರ ಸಂಗಾತಿಯಾದ ನೈಸರ್ಗಿಕ ಅನಿಲವೋ ಇದ್ದೇ ಇದೆ.

ಈ ಉಪಕಾರದ ಜೊತೆಯಲ್ಲಿಯೇ ಅಪಾಯವೂ ಬಂದಿತು. ಎಣ್ಣೆಯನ್ನೂ ಅನಿಲವನ್ನೂ ಸುಟ್ಟಾಗ ಹೊರಡುವ ಇಂಗಾಲದ ಡೈಆಕ್ಸೈಡು ವಾತಾವರಣದಲ್ಲಿ ಸೇರಿಕೊಂಡು, ಭೂಮಿಯಿಂದ ಹೊರಹೊರಡುವ ಶಾಖವನ್ನು ಕಂಬಳಿಯಂತೆ ತಡೆದು ನಿಲ್ಲಿಸುತ್ತದೆ. ಭೂಮಿ ಬಿಸಿಯೇರುತ್ತಿರುವುದಕ್ಕೆ ಇದು ಮುಖ್ಯ ಕಾರಣವೆಂಬುದು ಇಂದು ನಿರ್ವಿವಾದವಾದ ಸಂಗತಿ. ಆದರೆ ಎಣ್ಣೆಯ ಹೊಗೆಯೆಂದೊಡನೆ ಜನರ ಕಣ್ಣಿಗೆ ಕಟ್ಟುವುದು ಲಾರಿಯ ಹಿಂಬದಿಯ ಹೊಗೆ ಮಾತ್ರ. ಅದಕ್ಕೂ ಮೊದಲಿನ ಹೊಗೆಯೊಂದುಂಟು. ಎಣ್ಣೆ ಪೆಟ್ರೋಲು ಬಂಕನ್ನು ಮುಟ್ಟುವುದಕ್ಕೆ ಮುನ್ನವೇ, ಅದನ್ನು ನೆಲದಿಂದ ಎತ್ತುವಾಗ, ಕೊಳವೆಗಳಲ್ಲಿ ಸಾಗಿಸುವಾಗ, ಕಾರ್ಖಾನೆಯಲ್ಲಿ ಶುದ್ಧಿಗೊಳಿಸುವಾಗ ಎದ್ದ ಹೊಗೆ ಅದು. ಪ್ಯಾರಿಸಿನಲ್ಲಿರುವ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಈ ಕೆಲಸಗಳಿಂದಲೇ ಹೊರಬಿದ್ದ ತಾಪಕಾರಕ ಅನಿಲಗಳ ಪ್ರಮಾಣ 510 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಜಗತ್ತಿನ ಇಂಧನ ವ್ಯವಹಾರವೆಲ್ಲವೂ ಸೇರಿ ಉಂಟುಮಾಡುವ ಇಂಥ ಅನಿಲಗಳಲ್ಲಿ ಇದು ನೂರಕ್ಕೆ 15ರಷ್ಟು.

ಬಸ್ಸಿನ ಹೊಗೆಗೆ ಬಸ್ಸನ್ನು ನಡೆಸುವವರು, ಅದರಲ್ಲಿ ಕುಳಿತವರು, ಅದನ್ನು ತಯಾರಿಸಿದವರು ಎಲ್ಲರೂ ಅಷ್ಟಿಷ್ಟು ಹೊಣೆಗಾರರು. ಬಾವಿಯ ಬಳಿಯ ಹೊಗೆಗೆ ಹಾಗಲ್ಲ. ಅದರ ಹೊಣೆ ಎಣ್ಣೆಯನ್ನು ತೆಗೆಯುವವರದೇ ಮತ್ತು ಅದಕ್ಕೆ ಪರವಾನಗಿ ಕೊಡುವ ಸರ್ಕಾರಗಳದೇ. 'ಮನೆ ಗೆದ್ದು ಮಾರು ಗೆಲ್ಲು' ಎಂಬ ಗಾದೆ ಎಣ್ಣೆಯ ಉದ್ಯಮಕ್ಕೆ ಸಲ್ಲುವಷ್ಟು ಬೇರಾವುದಕ್ಕೂ ಸಲ್ಲದು. ಈ ಹೊಗೆಯನ್ನು ಬಹುಮಟ್ಟಿಗೆ ಅಡಗಿಸುವ ಉಪಾಯಗಳು ದಶಕಗಳ ಹಿಂದೆಯೇ ತಿಳಿದಿವೆ. ಕೊರತೆಯಿರುವುದು ವಿದ್ಯೆಯದಲ್ಲ, ಕಟ್ಟುನಿಟ್ಟಾದ ನಿಯಮದ್ದು. ಇದನ್ನು ಮನಗಾಣಲು ಈ ಹೊಗೆ ಎಲ್ಲೆಲ್ಲಿ ಹುಟ್ಟುತ್ತದೆ, ಅದನ್ನು ಯಾರು ಹೇಗೆ ತಡೆದರು, ಯಾರು ತಡೆಯದೆ ಹೋದರು ಎಂಬುದನ್ನು ನೋಡಬೇಕು.

ನೆಲದಾಳದಲ್ಲಿ ಎಣ್ಣೆ ಸಾಮಾನ್ಯವಾಗಿ ಒಂಟಿಯಾಗಿರುವುದಿಲ್ಲ. ಅದರಲ್ಲಿ ಅನಿಲವೂ ಕರಗಿಕೊಂಡಿರುತ್ತದೆ. ಬಾಟಲಿಯ ಮುಚ್ಚಳ ತೆಗೆದೊಡನೆ ಸೋಡಾ ನೊರೆಯುಕ್ಕಿಸುವಂತೆ, ಆಳದ ಒತ್ತಡದಿಂದ ಬಿಡುಗಡೆ ಹೊಂದಿ ಮೇಲಕ್ಕೆ ಬಂದ ಎಣ್ಣೆಯಿಂದ ಈ ಅನಿಲ ಬೇರ್ಪಡುತ್ತದೆ. ಎಣ್ಣೆಯನ್ನು ಹಡಗಿಗೆ ತುಂಬಿ ಎಲ್ಲಿಗೆ ಬೇಕಾದರೂ ಕಳುಹಿಸಬಹುದು. ಅನಿಲವನ್ನು ಸಾಗಿಸಲು ಕೊಳವೆಮಾರ್ಗ ಬೇಕು, ಇಲ್ಲವೇ ಅದನ್ನು ಅತಿ ಶೀತದಲ್ಲಿ ದ್ರವವಾಗಿಸುವ ಕಾರ್ಖಾನೆ ಬೇಕು. ಇವೆರಡಕ್ಕೂ ಹಣ ಹಿಡಿಯುತ್ತದೆ. ಆದುದರಿಂದ ಎತ್ತರದ ಕೊಳವೆಯೊಂದರ ತುದಿಯಲ್ಲಿ ಆ ಅನಿಲಕ್ಕೆ ಬೆಂಕಿ ಹಚ್ಚಿ ಸುಟ್ಟುಬಿಡುವುದು ಮೊದಲಿನಿಂದ ಬಂದ ರೂಢಿ. ಅಪಾಯದ ಸಮಯದಲ್ಲಿ ಒತ್ತಡವನ್ನು ಇಳಿಸಲು ಹೀಗೆ ಸ್ವಲ್ಪ ಹೊತ್ತು ಸುಡುವುದು ಅನಿವಾರ್ಯ. ಆದರೆ ಹಗಲಿರುಳು, ವರ್ಷಾನುಗಟ್ಟಲೆ ಸುಡುವುದಕ್ಕೆ ಸುರಕ್ಷತೆಯ ನೆಪ ಸಲ್ಲದು. ವಿಶ್ವಬ್ಯಾಂಕಿನ ಲೆಕ್ಕದಂತೆ 2024ರಲ್ಲಿ ಜಗತ್ತಿನ ಬಾವಿಗಳ ಬಳಿ ಹೀಗೆ ಸುಟ್ಟುಹೋದ ಅನಿಲ 15,100 ಕೋಟಿ ಘನ ಮೀಟರುಗಳು. ಭಾರತದ ಎಲ್ಲ ಕಾರ್ಖಾನೆಗಳೂ ವಾಹನಗಳೂ ಮನೆಗಳೂ ಸೇರಿ ಒಂದು ವರ್ಷದಲ್ಲಿ ಬಳಸುವ ನೈಸರ್ಗಿಕ ಅನಿಲದ ಸರಿಸುಮಾರು ಎರಡರಷ್ಟು ಇದು. ಇದರಿಂದ ಒಂದು ಅನ್ನದ ಅಗುಳೂ ಬೇಯಲಿಲ್ಲ.

ಈ ಬೆಂಕಿಯ ವಿಷಯದಲ್ಲಿ ಎರಡು ದೇಶಗಳ ಕಥೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಬೋಧಪ್ರದ. ಆಫ್ರಿಕದ ನೈಜೀರಿಯದಲ್ಲಿ, ನೈಜರ್ ನದಿಯು ಕವಲೊಡೆದು ಸಮುದ್ರವನ್ನು ಸೇರುವ ಪ್ರದೇಶದ ಒಲೊಯಿಬಿರಿ ಎಂಬಲ್ಲಿ 1956ರಲ್ಲಿ ಎಣ್ಣೆ ದೊರೆಯಿತು. ಬಾವಿಗಳು ಹೆಚ್ಚಿದಂತೆ ಬೆಂಕಿಯ ಕೊಳವೆಗಳೂ ಹೆಚ್ಚಿದವು. ಅವುಗಳಲ್ಲಿ ಹಲವು ಜನವಸತಿಗೆ ಹತ್ತಿರವೇ ನಿಂತವು. ಅಲ್ಲಿನ ಹಳ್ಳಿಗಳಲ್ಲಿ ರಾತ್ರಿಯೂ ಪೂರ್ತಿ ಕತ್ತಲಾಗುತ್ತಿರಲಿಲ್ಲ. ಮರಗೆಣಸಿನ ಹಿಟ್ಟನ್ನು ಆ ಉರಿಯ ಬಿಸಿಗೆ ಒಣಗಿಸಿಕೊಂಡು ಹೊಟ್ಟೆ ಹೊರೆಯುವ ಹೆಂಗಸರೂ ಅಲ್ಲಿದ್ದಾರೆ. ಊರ ಅಂಚಿನಲ್ಲಿ ಅಪಾರವಾದ ಇಂಧನ ಆಕಾಶಕ್ಕೆ ಉರಿಯುತ್ತಿರಲು, ಅದೇ ದೇಶದ ಬಹುಪಾಲು ಮನೆಗಳಲ್ಲಿ ಸೌದೆಯ ಒಲೆಯ ಮುಂದೆ ಕಣ್ಣೀರಿಡುತ್ತಾ ಅಡಿಗೆ ಮಾಡುವುದು ತಪ್ಪಲಿಲ್ಲ. ದೀಪದ ಬುಡದಲ್ಲಿ ಕತ್ತಲೆಯೆಂಬ ಮಾತಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ನೈಜೀರಿಯದಲ್ಲಿ ಕಾಯಿದೆ ಇರಲಿಲ್ಲವೆಂದಲ್ಲ. ಅನಿಲವನ್ನು ಸುಡದೆ ಮರಳಿ ಭೂಮಿಗೆ ಇಳಿಸಬೇಕೆಂಬ ಕಾಯಿದೆಯನ್ನು ಅಲ್ಲಿನ ಸರ್ಕಾರ 1979ರಲ್ಲಿಯೇ ಮಾಡಿತು. 1984ರ ಜನವರಿ 1ರ ಬಳಿಕ ಮಂತ್ರಿಯ ಲಿಖಿತ ಅನುಮತಿಯಿಲ್ಲದೆ ಅನಿಲವನ್ನು ಸುಡಕೂಡದೆಂದು ವಿಧಿಸಿತು. ಆದರೆ ಗಡುವು ಬಂದಾಗ ವಿನಾಯಿತಿಗಳು ದೊರೆತವು, ದಂಡವು ಅತ್ಯಲ್ಪವಾಯಿತು. ಅನಿಲವನ್ನು ಹಿಡಿದಿಡುವುದಕ್ಕಿಂತ ದಂಡ ತೆತ್ತು ಸುಡುವುದೇ ಅಗ್ಗವಾದಾಗ ವ್ಯಾಪಾರಿ ಯಾವುದನ್ನು ಆರಿಸಿಕೊಳ್ಳುವನೆಂದು ಹೇಳಬೇಕಾಗಿಲ್ಲ. 2005ರ ನವೆಂಬರಿನಲ್ಲಿ ಬೆನಿನ್ ನಗರದ ಉಚ್ಚ ನ್ಯಾಯಾಲಯವು, ಹೀಗೆ ಅನಿಲ ಸುಡುವುದು ಜನರ ಬದುಕುವ ಹಕ್ಕಿಗೆ ವಿರುದ್ಧವೆಂದು ತೀರ್ಪಿತ್ತಿತು. ಆಮೇಲೂ ಬೆಂಕಿ ಆರಲಿಲ್ಲ. 1999ರಲ್ಲಿ ಬಾನಿ ದ್ವೀಪದಿಂದ ದ್ರವರೂಪದ ಅನಿಲದ ರಫ್ತು ಆರಂಭವಾದ ಮೇಲೆ ಅನಿಲಕ್ಕೊಂದು ಬೆಲೆ ಬಂದು, ಸುಡುವ ಪ್ರಮಾಣ ಕ್ರಮೇಣ ಇಳಿಯಿತೆಂಬುದು ನಿಜ. ಆದರೂ ಜಗತ್ತಿನಲ್ಲಿ ಅತಿ ಹೆಚ್ಚು ಅನಿಲವನ್ನು ಸುಡುವ ಒಂಬತ್ತು ದೇಶಗಳ ಪಟ್ಟಿಯಲ್ಲಿ ನೈಜೀರಿಯದ ಹೆಸರು ಇನ್ನೂ ಉಳಿದಿದೆ.

ಯುರೋಪಿನ ಉತ್ತರಕ್ಕಿರುವ ನಾರ್ವೆಯ ನಡೆ ಬೇರೆಯಾಯಿತು. ಅಲ್ಲಿ 1969ರಲ್ಲಿ ಉತ್ತರ ಸಮುದ್ರದ ಎಕೋಫಿಸ್ಕ್ ಎಂಬ ಎಣ್ಣೆಕ್ಷೇತ್ರ ಪತ್ತೆಯಾಯಿತು. 1971ರಲ್ಲಿ ಉತ್ಪಾದನೆ ಆರಂಭವಾದ ವರ್ಷವೇ ಆ ದೇಶದ ಸಂಸತ್ತು ಎಣ್ಣೆಯ ವಿಷಯದಲ್ಲಿ ಹತ್ತು ಸೂತ್ರಗಳನ್ನು ಒಪ್ಪಿಕೊಂಡಿತು. ಅಲ್ಪಕಾಲದ ಪರೀಕ್ಷೆಗಳಲ್ಲಿ ಹೊರತು, ಉಪಯೋಗಕ್ಕೆ ಬರುವ ಅನಿಲವನ್ನು ಸುಡಕೂಡದೆಂಬುದು ಅವುಗಳಲ್ಲಿ ಐದನೆಯದು. ಆರಂಭದ ವರ್ಷಗಳಲ್ಲಿ ಒಂದಿಷ್ಟು ಅನಿಲ ಉರಿದರೂ ಅದು ಪದ್ಧತಿಯಾಗಲು ಬಿಡಲಿಲ್ಲ. ಅನಿಲವನ್ನು ಯಂತ್ರಬಲದಿಂದ ಒತ್ತಿ ಮರಳಿ ಎಣ್ಣೆಯ ಪದರಕ್ಕೆ ಇಳಿಸಿದರು. ಹಾಗೆ ಇಳಿಸಿದ ಅನಿಲ ಒಳಗಿನ ಒತ್ತಡವನ್ನು ಕಾಯ್ದು, ಹೆಚ್ಚು ಎಣ್ಣೆ ಹೊರಬರಲು ನೆರವಾಯಿತು. 1977ರಲ್ಲಿ ಸಮುದ್ರತಳದಲ್ಲಿ ನಾನೂರಕ್ಕೂ ಹೆಚ್ಚು ಕಿಲೋಮೀಟರುಗಳ ಕೊಳವೆಯ ಮೂಲಕ ಅನಿಲ ಜರ್ಮನಿಯ ಎಮ್ಡೆನ್ ಬಂದರನ್ನು ಮುಟ್ಟಿತು. ಸುಟ್ಟುಹೋಗಬಹುದಾಗಿದ್ದ ವಸ್ತು ಹೀಗೆ ದೇಶದ ಬೊಕ್ಕಸಕ್ಕೆ ಆದಾಯವಾಯಿತು.

ಎರಡೂ ದೇಶಗಳ ಎಂಜಿನಿಯರುಗಳಿಗೆ ತಿಳಿದಿದ್ದ ವಿದ್ಯೆ ಒಂದೇ. ಬಾವಿಗಳಲ್ಲಿ ಕೆಲಸ ಮಾಡಿದ ಕಂಪನಿಗಳೂ ಬಹುಮಟ್ಟಿಗೆ ಅದೇ ಪಾಶ್ಚಾತ್ಯ ಕಂಪನಿಗಳ ಬಳಗಕ್ಕೆ ಸೇರಿದವು. ನಾರ್ವೆ ಆಗಲೇ ಗಟ್ಟಿಯಾದ ಆಡಳಿತವಿದ್ದ ದೇಶ, ನೈಜೀರಿಯವಾದರೋ 1960ರಲ್ಲಿ ಸ್ವತಂತ್ರವಾಗಿ ಅಂತರ್ಯುದ್ಧದ ಬೇಗೆಯನ್ನು ಅನುಭವಿಸಿದ ದೇಶ, ಎಂಬ ವ್ಯತ್ಯಾಸವನ್ನು ಮರೆಯಬಾರದು. ಅಷ್ಟಾದರೂ ಒಂದು ಮಾತು ಸ್ಪಷ್ಟ. ಒಂದೆಡೆ ನಿಯಮವು ಉತ್ಪಾದನೆ ಆರಂಭವಾದ ವರ್ಷವೇ ಬಂದು ನಿಂತಿತು. ಇನ್ನೊಂದೆಡೆ ನಿಯಮವು ಬೆಂಕಿ ಹತ್ತಿದ ಮೇಲೆ ಬಂದು, ದಂಡದ ಅಲ್ಪತೆಯಿಂದ ತಾನೇ ಸೋತಿತು.

ಭಾರತಕ್ಕೂ ಈ ಅನುಭವ ಹೊಸದಲ್ಲ. 1974ರಲ್ಲಿ ಮುಂಬಯಿಯ ಪಶ್ಚಿಮಕ್ಕೆ ಅರಬ್ಬೀ ಸಮುದ್ರದಲ್ಲಿ 'ಬಾಂಬೆ ಹೈ' ಕ್ಷೇತ್ರ ಪತ್ತೆಯಾದಾಗ ದೇಶವೇ ಹಿಗ್ಗಿತು. ಅಲ್ಲಿ ಎಣ್ಣೆಯೊಡನೆ ಬಂದ ಅನಿಲವನ್ನೆಲ್ಲ ಬಳಸಿಕೊಳ್ಳುವ ಏರ್ಪಾಡು ಕೂಡಲೇ ಆಗದೆ, ಗಣನೀಯ ಭಾಗ ಸಮುದ್ರದ ಮೇಲೆಯೇ ಉರಿದುಹೋಯಿತು. ಅನಂತರ 1984ರಲ್ಲಿ ಅನಿಲ ಪ್ರಾಧಿಕಾರ ಸ್ಥಾಪನೆಯಾಗಿ, ಗುಜರಾತಿನ ಹಜೀರಾದಿಂದ ಮಧ್ಯಪ್ರದೇಶದ ಬಿಜೈಪುರದ ಮೂಲಕ ಉತ್ತರಪ್ರದೇಶದ ಜಗದೀಶಪುರದವರೆಗೆ ದೀರ್ಘವಾದ ಕೊಳವೆಮಾರ್ಗವನ್ನು ಹಾಕಲಾಯಿತು. ಆ ದಾರಿಯುದ್ದಕ್ಕೂ ಎದ್ದ ಕಾರ್ಖಾನೆಗಳಲ್ಲಿ ಅನಿಲವು ಯೂರಿಯಾ ಗೊಬ್ಬರವಾಗಿ ಮಾರ್ಪಟ್ಟಿತು. ನಡುಗಡಲಿನಲ್ಲಿ ಬೂದಿಯೂ ಉಳಿಯದಂತೆ ಉರಿಯಬಹುದಾಗಿದ್ದದ್ದು ಗಂಗೆಯ ಬಯಲಿನ ಗೋದಿಯ ಹೊಲಗಳನ್ನು ಸೇರಿತು.

ಬೆಂಕಿ ಕಣ್ಣಿಗೆ ಕಾಣುವ ನಷ್ಟ. ಕಣ್ಣಿಗೆ ಕಾಣದ ನಷ್ಟ ಇನ್ನೂ ದೊಡ್ಡದು. ನೈಸರ್ಗಿಕ ಅನಿಲದ ಮುಖ್ಯ ಭಾಗವಾದ ಮೀಥೇನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಸುಡದೆ ಹಾಗೆಯೇ ಗಾಳಿಗೆ ಸೇರಿದರೆ, ಮೊದಲ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಸಡಿಲವಾದ ಕವಾಟ, ಸವೆದ ಬೆಸುಗೆ, ಮುಚ್ಚಳ ಸರಿಯಿಲ್ಲದ ಎಣ್ಣೆತೊಟ್ಟಿ, ಗಾಳಿಗೆ ಆರಿಹೋದ ಬೆಂಕಿಕೊಳವೆ, ಇವೇ ಅದು ನುಸುಳುವ ದಾರಿಗಳು. ಬೆಂಕಿ ಉರಿಯುತ್ತಿರುವಾಗಲೂ ಅನಿಲವೆಲ್ಲ ಸುಡುವುದಿಲ್ಲ. ನೂರಕ್ಕೆ 98 ಭಾಗ ಸುಡುವುದೆಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಎಣ್ಣೆಕ್ಷೇತ್ರಗಳ ಮೇಲೆ ವಿಮಾನದಲ್ಲಿ ಹಾರಿ ಅಳೆದ ವಿಜ್ಞಾನಿಗಳು, ನಾಶವಾಗುವುದು ಸುಮಾರು 91 ಭಾಗ ಮಾತ್ರವೆಂದು 2022ರಲ್ಲಿ ತೋರಿಸಿಕೊಟ್ಟರು. ಹನಿಗೂಡಿದರೆ ಹಳ್ಳವೆಂಬಂತೆ, ಎಣ್ಣೆ ಮತ್ತು ಅನಿಲದ ಉದ್ಯಮದಿಂದ ಸೋರುವ ಮೀಥೇನು ವರ್ಷಕ್ಕೆ ಸುಮಾರು 8 ಕೋಟಿ ಟನ್ ಆಗುತ್ತದೆ.

ಸೋರುವ ಗಡಿಗೆಯನ್ನು ಸರಿಪಡಿಸಲು ಮೊದಲು ತೂತು ಎಲ್ಲಿದೆಯೆಂದು ತಿಳಿಯಬೇಕು. ಅವಕೆಂಪು ಕಿರಣಗಳನ್ನು ಗ್ರಹಿಸುವ ಕ್ಯಾಮರಾಗಳು ಕಾಣದ ಅನಿಲವನ್ನು ಹೊಗೆಯಂತೆ ಕಾಣಿಸುತ್ತವೆ. 2017ರಲ್ಲಿ ಯುರೋಪು ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹವು ದೊಡ್ಡ ಸೋರಿಕೆಗಳನ್ನು ಬಾನಿನಿಂದಲೇ ಗುರುತಿಸುತ್ತದೆ. ಕವಾಟಗಳನ್ನು ತೆರೆದು ಮುಚ್ಚಲು ಅನಿಲದ ಒತ್ತಡವನ್ನೇ ಬಳಸುವ ಹಳೆಯ ಸಾಧನಗಳ ಬದಲು ವಿದ್ಯುತ್ತಿನವನ್ನು ಇಡಬಹುದು. ತೊಟ್ಟಿಗಳಿಂದೇಳುವ ಆವಿಯನ್ನು ಹಿಡಿದು ಮರಳಿ ಕೊಳವೆಗೆ ಸೇರಿಸಬಹುದು. ಈಗಾಗಲೇ ಕೈಯಲ್ಲಿರುವ ಇಂಥ ಸಾಧನಗಳಿಂದ ಈ ಉದ್ಯಮದ ಮೀಥೇನನ್ನು ನೂರಕ್ಕೆ ಸುಮಾರು 70ರಷ್ಟು ಕಡಿಮೆ ಮಾಡಬಹುದೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳುತ್ತದೆ. ಉಳಿದ ಅನಿಲವನ್ನು ಮಾರಿದರೆ ಖರ್ಚಿನ ಬಹುಭಾಗ ಹಿಂದಿರುಗುತ್ತದೆ. ಲಾಭ ತರುವ ದುರಸ್ತಿಯನ್ನೂ ಮಾಡದೆ ಕುಳಿತವನನ್ನು ಉದಾಸೀನನೆಂದಲ್ಲದೆ ಬೇರೇನೆನ್ನಬೇಕು?

ಮೂರನೆಯ ಹೊಗೆ ಯಂತ್ರಗಳದು. ನಡುಗಡಲಿನ ಎಣ್ಣೆಕಟ್ಟೆಗಳಲ್ಲಿ ಪಂಪುಗಳನ್ನೂ ಒತ್ತುಯಂತ್ರಗಳನ್ನೂ ನಡೆಸಲು ಅಲ್ಲಿಯೇ ಅನಿಲವನ್ನು ಸುಟ್ಟು ವಿದ್ಯುತ್ತನ್ನು ಪಡೆಯುವುದು ವಾಡಿಕೆ. ನಾರ್ವೆ 1991ರಲ್ಲಿ ಈ ಹೊಗೆಯ ಮೇಲೂ ತೆರಿಗೆ ಹಾಕಿತು. ಹೊಗೆಗೆ ಬೆಲೆ ಬಂದೊಡನೆ ಬುದ್ಧಿ ಚುರುಕಾಯಿತು. 1996ರಲ್ಲಿ ಟ್ರೋಲ್-ಎ ಎಂಬ ಅನಿಲಕಟ್ಟೆಗೆ ಸಮುದ್ರತಳದ ತಂತಿಗಳ ಮೂಲಕ ದಡದಿಂದಲೇ ವಿದ್ಯುತ್ತು ಹರಿಯಿತು. ನಾರ್ವೆಯ ವಿದ್ಯುತ್ತಿನ ಬಹುಪಾಲು ಜಲಶಕ್ತಿಯದಾದ್ದರಿಂದ ಕಟ್ಟೆಯ ಮೇಲಿನ ಹೊಗೆ ತಗ್ಗಿತು. 2019ರಲ್ಲಿ ಉತ್ಪಾದನೆ ಆರಂಭಿಸಿದ ಯೊಹಾನ್ ಸ್ವೆರ್ಡ್ರುಪ್ ಕ್ಷೇತ್ರದಲ್ಲಿ ಇದೇ ಕ್ರಮದಿಂದ ಒಂದು ಪೀಪಾಯಿ ಎಣ್ಣೆ ತೆಗೆಯಲು ಒಂದು ಕಿಲೋಗ್ರಾಮಿಗಿಂತ ಕಡಿಮೆ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಜಗತ್ತಿನ ಸರಾಸರಿ ಇದರ ಹತ್ತಾರು ಪಟ್ಟು.

ಅದೇ 1996ರಲ್ಲಿ ಸ್ಲೈಪ್ನರ್ ಕ್ಷೇತ್ರದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅಲ್ಲಿನ ಅನಿಲದಲ್ಲಿ ಮೊದಲೇ ಇಂಗಾಲದ ಡೈಆಕ್ಸೈಡು ಬೆರೆತಿದ್ದು, ಮಾರುವ ಮುನ್ನ ಅದನ್ನು ಬೇರ್ಪಡಿಸಲೇಬೇಕಾಗಿತ್ತು. ಬೇರ್ಪಡಿಸಿದ್ದನ್ನು ಗಾಳಿಗೆ ಬಿಟ್ಟರೆ ತೆರಿಗೆ ತೆರಬೇಕು. ಆದುದರಿಂದ ಅದನ್ನು ಸಮುದ್ರತಳದಿಂದ ಸುಮಾರು ಎಂಟುನೂರು ಮೀಟರಿಗೂ ಕೆಳಗಿನ ಉಪ್ಪುನೀರು ತುಂಬಿದ ಮರಳುಗಲ್ಲಿನ ಪದರಕ್ಕೆ ಇಳಿಸಲಾಯಿತು. ವರ್ಷಕ್ಕೆ ಸುಮಾರು 10 ಲಕ್ಷ ಟನ್ನಿನಂತೆ ಬಹುಕಾಲ ಈ ಕೆಲಸ ನಡೆದಿದೆ. ಎಣ್ಣೆಶುದ್ಧಿಯ ಕಾರ್ಖಾನೆಗಳಿಗೂ ಇಂಥ ದಾರಿಗಳುಂಟು. ಕರ್ನಾಟಕದ ಮಂಗಳೂರಿನಲ್ಲಿರುವಂಥ ಕಾರ್ಖಾನೆಗಳಲ್ಲಿ ಕಚ್ಚಾ ಎಣ್ಣೆಯನ್ನು ಕಾಯಿಸುವ ಕುಲುಮೆಗಳೂ, ಗಂಧಕವನ್ನು ತೆಗೆಯಲು ಬೇಕಾದ ಜಲಜನಕವನ್ನು ತಯಾರಿಸುವ ಘಟಕಗಳೂ ಹೊಗೆಯ ಮೂಲಗಳು. ಒಮ್ಮೆ ಬಳಸಿದ ಶಾಖವನ್ನು ಮತ್ತೆ ಬಳಸುವುದರಿಂದಲೂ, ಸೂರ್ಯನ ಅಥವಾ ಗಾಳಿಯ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಜಲಜನಕ ಪಡೆಯುವುದರಿಂದಲೂ ಈ ಹೊಗೆಯನ್ನು ಇಳಿಸಬಹುದು.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಮೊದಲನೆಯದು ಖರ್ಚಿನದು. 2030ರೊಳಗೆ ಈ ಹೊಗೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಲು ಜಗತ್ತಿಗೆಲ್ಲ ಸೇರಿ ಸುಮಾರು 60,000 ಕೋಟಿ ಡಾಲರುಗಳು ಬೇಕೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿತು. ಮೊತ್ತ ದೊಡ್ಡದೇ. ಆದರೆ 2022ರ ಒಂದೇ ವರ್ಷದಲ್ಲಿ ಈ ಉದ್ಯಮಕ್ಕೆ ದೊರೆತ ನಿವ್ವಳ ಆದಾಯ ಸುಮಾರು 4 ಲಕ್ಷ ಕೋಟಿ ಡಾಲರುಗಳೆಂಬುದನ್ನು ನೆನೆದರೆ, ಹಣವಿಲ್ಲವೆಂಬ ಮಾತು ನಿಲ್ಲದು. ಬಡ ದೇಶಗಳ ಸರ್ಕಾರಿ ಕಂಪನಿಗಳಿಗೆ ಮಾತ್ರ ಈ ಕಷ್ಟ ನಿಜವಾದುದು. ಅವುಗಳಿಗೆ ಸಾಲವನ್ನೂ ತಂತ್ರವಿದ್ಯೆಯನ್ನೂ ಒದಗಿಸುವುದು ಅಲ್ಲಿನ ಎಣ್ಣೆಯಿಂದ ದಶಕಗಟ್ಟಲೆ ಲಾಭ ಪಡೆದ ಕಂಪನಿಗಳ ಮತ್ತು ಶ್ರೀಮಂತ ದೇಶಗಳ ಕರ್ತವ್ಯ.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಎಣ್ಣೆಯ ಒಟ್ಟು ಹೊಗೆಯಲ್ಲಿ ದೊಡ್ಡ ಪಾಲು ಹೊರಡುವುದು ಅದನ್ನು ಬಳಸುವಾಗಲೇ ಹೊರತು ತೆಗೆಯುವಾಗಲ್ಲ. ಬಾವಿಯ ಬಳಿ ಎಷ್ಟು ಶುಚಿಯಾಗಿದ್ದರೂ ಆ ಎಣ್ಣೆ ಎಂಜಿನಿನಲ್ಲಿ ಉರಿದಾಗ ಹೊಗೆ ತಪ್ಪದು. ನಾರ್ವೆಯೇ ತನ್ನ ಕಟ್ಟೆಗಳಲ್ಲಿ ಸುಡದೆ ಉಳಿಸಿದ ಅನಿಲವನ್ನು ಪರದೇಶಗಳಿಗೆ ಮಾರುತ್ತದೆ, ಅದು ಅಲ್ಲಿ ಉರಿಯುತ್ತದೆ. ಸಮುದ್ರದ ಕಟ್ಟೆಗಳಿಗೆ ಹೋಗುವ ಜಲವಿದ್ಯುತ್ತು ದಡದ ಮನೆಗಳಿಗೂ ಕಾರ್ಖಾನೆಗಳಿಗೂ ಬೇಕಿತ್ತೆಂಬ ವಾದವೂ ಆ ದೇಶದಲ್ಲಿ ಎದ್ದಿದೆ. ಈ ಮಾತುಗಳನ್ನು ಅಲ್ಲಗಳೆಯಲಾಗದು. ಬಾವಿಯ ಬೆಂಕಿಯನ್ನು ಆರಿಸಿದ ಪುಣ್ಯವನ್ನು ತೋರಿಸಿ ಹೊಸ ಬಾವಿಗಳನ್ನು ತೋಡುತ್ತಲೇ ಇರುವೆನೆಂದರೆ ಅದು ಆತ್ಮವಂಚನೆ. ಆದರೆ ಜಗತ್ತು ಎಣ್ಣೆಯನ್ನು ಒಂದೇ ದಿನದಲ್ಲಿ ಬಿಡುವಂತಿಲ್ಲ. ಅದನ್ನು ಕ್ರಮೇಣ ಬಿಡುವಷ್ಟು ಕಾಲವಾದರೂ, ಯಾರ ಉಪಯೋಗಕ್ಕೂ ಬಾರದ ಹೊಗೆಯನ್ನು ಸಹಿಸುವುದು ಏಕೆ? ದೊಡ್ಡ ಸಾಲವನ್ನು ತೀರಿಸಬೇಕಾದವನು ಸಣ್ಣ ದುಂದನ್ನು ಮುಂದುವರಿಸಬಹುದೆಂದು ಯಾವ ವಿವೇಕಿಯೂ ಹೇಳಲಾರನು.

ಭರವಸೆಗಳಿಗೆ ಈ ವಿಷಯದಲ್ಲಿ ಬರವಿಲ್ಲ. 2030ರೊಳಗೆ ನಿತ್ಯದ ಅನಿಲದಹನವನ್ನು ನಿಲ್ಲಿಸುವ ಸಂಕಲ್ಪವನ್ನು 2015ರಲ್ಲಿ ವಿಶ್ವಬ್ಯಾಂಕು ಮತ್ತು ವಿಶ್ವಸಂಸ್ಥೆ ಮುಂದಿಟ್ಟವು. 2023ರಲ್ಲಿ ದುಬೈ ಸಮ್ಮೇಳನದಲ್ಲಿ ಸುಮಾರು 50 ಕಂಪನಿಗಳು ಮೀಥೇನನ್ನು ತಗ್ಗಿಸುವ ಮಾತು ಕೊಟ್ಟವು. ಆದರೂ 2024ರಲ್ಲಿ ಸುಟ್ಟ ಅನಿಲ ಹಿಂದಿನ ವರ್ಷಕ್ಕಿಂತ ಹೆಚ್ಚೇ ಆಯಿತು. ಸ್ವಂತ ಇಚ್ಛೆಯಿಂದ ಕೊಟ್ಟ ಮಾತು ಎಣ್ಣೆಯ ಬೆಲೆಯೊಡನೆ ಏರಿಳಿಯುತ್ತದೆ. ಕಾಯಿದೆ ಹಾಗಲ್ಲ.

ಆದುದರಿಂದ ಮಾಡಬೇಕಾದುದು ನಾಲ್ಕೇ ಮಾತಿನಲ್ಲಿದೆ. ಪ್ರತಿಯೊಂದು ಬಾವಿಯ ಹೊಗೆಯನ್ನೂ ಅಂದಾಜಿನಿಂದಲ್ಲದೆ ಅಳತೆಯಿಂದಲೇ ತಿಳಿಯಬೇಕು. ಆ ಅಳತೆಯನ್ನು ಕಂಪನಿಯ ಕಡತದಲ್ಲಿ ಮುಚ್ಚಿಡದೆ ಜನರ ಮುಂದೆ ಇಡಬೇಕು. ಅನಿಲವನ್ನು ಸುಡುವುದಕ್ಕೂ ಸೋರಲು ಬಿಡುವುದಕ್ಕೂ, ಹಿಡಿದಿಡುವ ಖರ್ಚಿಗಿಂತ ಹೆಚ್ಚಿನ ದಂಡವಿರಬೇಕು. ಅನಿಲ ಎಲ್ಲಿಗೆ ಹೋಗುವುದೆಂಬ ಏರ್ಪಾಡನ್ನು ತೋರಿಸದ ಹೊರತು ಹೊಸ ಬಾವಿಗೆ ಪರವಾನಗಿ ಕೊಡಬಾರದು. ಕೊಳ್ಳುವ ದೇಶಗಳೂ ಇಲ್ಲಿ ಸುಮ್ಮನಿರಬೇಕಾಗಿಲ್ಲ. ಹೊರಗಿನಿಂದ ತರಿಸುವ ಎಣ್ಣೆ ಮತ್ತು ಅನಿಲದ ಮೀಥೇನಿನ ಲೆಕ್ಕವನ್ನು ಕೇಳುವ ಕಾಯಿದೆಯನ್ನು ಯುರೋಪು ಒಕ್ಕೂಟ 2024ರಲ್ಲಿ ಮಾಡಿತು. ತನಗೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಭಾಗವನ್ನು ಹೊರಗಿನಿಂದ ಕೊಳ್ಳುವ ಭಾರತದಂಥ ದೊಡ್ಡ ಗಿರಾಕಿ ಅದೇ ಪ್ರಶ್ನೆಯನ್ನು ಕೇಳಿದರೆ ಮಾರುವವರು ಕಿವಿಗೊಡಲೇಬೇಕಾಗುತ್ತದೆ.

ಭೂಮಿಯು ಕೋಟ್ಯಂತರ ವರ್ಷಗಳ ಕಾಲ ತನ್ನ ಗರ್ಭದಲ್ಲಿ ಕೂಡಿಟ್ಟುಕೊಂಡ ಸಂಪತ್ತನ್ನು ಮನುಷ್ಯನು ಕೆಲವೇ ತಲೆಮಾರುಗಳಲ್ಲಿ ಬರಿದು ಮಾಡುತ್ತಿದ್ದಾನೆ. ಅದನ್ನು ಬಳಸಿ ಬರಿದು ಮಾಡುವುದು ಒಂದು ಬಗೆ. ಬಳಸದೆಯೇ ಸುಟ್ಟು, ಆ ಸುಟ್ಟ ಹೊಗೆಯಿಂದ ಮುಂದಿನವರ ಬಾಳನ್ನೂ ಬೇಯಿಸುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಅಗತ್ಯವೆಂಬ ಸಮರ್ಥನೆಯಾದರೂ ಇದೆ. ಎರಡನೆಯದಕ್ಕೆ ಯಾವ ಸಮರ್ಥನೆಯೂ ಇಲ್ಲ.